ತೋಟದಲ್ಲೇ ಕಿತ್ತ ಸೇಬಿನ ಮೇಲಿನ ಬಿಳಿ ಪುಡಿ ವಿಷವೇ? ಅಮೆರಿಕದ ಸೇಬಿನ ತೋಟಕ್ಕೆ ಹೋಗುವವರು ನಿಜಕ್ಕೂ ಎಚ್ಚರ ವಹಿಸಬೇಕಾದ್ದು ಯಾವುದಕ್ಕೆ?

ಸೆಪ್ಟೆಂಬರ್ ಮುಗಿಯುತ್ತಾ ಬಂತೆಂದರೆ ಫ್ಯಾಮಿಲಿ ಗ್ರೂಪ್‌ಗಳಲ್ಲಿ ಒಂದೇ ಬಗೆಯ ಫೋಟೊಗಳು ಬರಲು ಶುರುವಾಗುತ್ತವೆ. ಅಮೆರಿಕದಲ್ಲಿರುವ ಅಳಿಯ ಮಗುವನ್ನು ಹೆಗಲ ಮೇಲೆ ಕೂರಿಸಿಕೊಂಡು ಸೇಬು ಕೀಳಿಸುತ್ತಿರುವುದು, ಊರಿಂದ ಹೋದ ಅಜ್ಜ ಅಜ್ಜಿ ಸ್ವೆಟರ್ ಹಾಕಿಕೊಂಡು ಕಿತ್ತಳೆ ಬಣ್ಣದ ಕುಂಬಳಕಾಯಿ ರಾಶಿಯ ಮುಂದೆ ನಿಂತಿರುವುದು. ಫೋಟೊ ಬಂದ ಹತ್ತೇ ನಿಮಿಷಕ್ಕೆ ಯಾರಾದರೂ ಒಂದು ಫಾರ್ವರ್ಡ್ ಹಾಕುತ್ತಾರೆ. ಸೇಬಿನ ಮೇಲೆ ಮೇಣ ಬಳಿದಿರುತ್ತಾರೆ, ಬೀಜದಲ್ಲಿ ಸಯನೈಡ್ ಇದೆ, ಅಂಗಡಿಯ ಸೇಬು ಒಂದು ವರ್ಷದ ಹಿಂದಿನದು, ಹೀಗೆ.

ಇವುಗಳಲ್ಲಿ ಕೆಲವು ಸುಳ್ಳು, ಕೆಲವು ಅರ್ಧ ಸತ್ಯ. ವಿಚಿತ್ರವೆಂದರೆ, ಇಂಥ ತೋಟಕ್ಕೆ ಹೋದವರಿಗೆ ನಿಜವಾಗಿ ತೊಂದರೆ ಕೊಡಬಲ್ಲ ಸಂಗತಿಗಳು ಯಾವ ಫಾರ್ವರ್ಡ್‌ನಲ್ಲೂ ಬರುವುದಿಲ್ಲ. ಎರಡನ್ನೂ ನೋಡೋಣ.

ಏನಿದು 'ನೀವೇ ಕೀಳಿ' ತೋಟ?

ನ್ಯೂಯಾರ್ಕ್, ಮ್ಯಾಸಚೂಸೆಟ್ಸ್, ಪೆನ್ಸಿಲ್ವೇನಿಯಾ, ಮಿಷಿಗನ್ ಮುಂತಾದ ರಾಜ್ಯಗಳಲ್ಲಿ ನಗರಗಳಿಂದ ಒಂದೆರಡು ಗಂಟೆ ದೂರದಲ್ಲಿ ಇಂಥ ತೋಟಗಳು ಬೇಕಾದಷ್ಟಿವೆ. ಗೇಟಿನಲ್ಲಿ ದುಡ್ಡು ಕೊಟ್ಟು ಚೀಲ ತೆಗೆದುಕೊಳ್ಳುವುದು, ಒಳಗೆ ಹೋಗಿ ಬೇಕಾದ ಹಣ್ಣು ಕಿತ್ತು ತುಂಬಿಕೊಳ್ಳುವುದು. ರೈತನಿಗೆ ಕೀಳುವ ಕೂಲಿ ಉಳಿಯುತ್ತದೆ, ನಡುವೆ ದಲ್ಲಾಳಿ ಇಲ್ಲ. ಲೆಕ್ಕ ಹಾಕಿದರೆ ಹಣ್ಣು ಅಂಗಡಿಗಿಂತ ಅಗ್ಗವೇನೂ ಆಗಬೇಕಿಲ್ಲ, ಜನ ಹೋಗುವುದು ಒಂದು ದಿನದ ಖುಷಿಗೆ. ಸೇಬಿನ ಪಕ್ಕದಲ್ಲೇ ಕುಂಬಳದ ಹೊಲ, ಮಕ್ಕಳು ಮುಟ್ಟಿ ಆಡಲು ಮೇಕೆ ಕುರಿ, ಬಿಸಿಬಿಸಿ ಡೋನಟ್, ಕುಡಿಯಲು 'ಆಪಲ್ ಸೈಡರ್'. ಈ ಕೊನೆಯ ಹೆಸರನ್ನು ನೆನಪಿಟ್ಟುಕೊಳ್ಳಿ, ಮುಂದೆ ಬರುತ್ತದೆ.

ಕೆಂಪಗಿದ್ದರೆ ಹಣ್ಣಾಗಿದೆ ಎಂದೇ?

ಅಲ್ಲ. ಸಿಪ್ಪೆಯ ಕೆಂಪು ಬಣ್ಣ ತಳಿಯ ಗುಣ, ಬಿಸಿಲು ಮತ್ತು ರಾತ್ರಿಯ ಚಳಿಯನ್ನು ಅವಲಂಬಿಸಿರುತ್ತದೆ. ಬಿಸಿಲು ಬಿದ್ದ ಕಡೆ ಕಡುಗೆಂಪು, ಎಲೆಯ ಮರೆಯಲ್ಲಿದ್ದ ಕಡೆ ಹಸಿರು. ನೋಡಬೇಕಾದ್ದು ಕೆಂಪನ್ನಲ್ಲ, ಅದರ ಹಿಂದಿನ ತಳಬಣ್ಣವನ್ನು. ಹೆಚ್ಚಿನ ತಳಿಗಳಲ್ಲಿ ಅದು ಹಸಿರಿನಿಂದ ಹಳದಿಗೆ ತಿರುಗಿದ್ದರೆ ಕೀಳಬಹುದು. ಕೊಯ್ದಾಗ ಬೀಜ ಕಂದು ಬಣ್ಣಕ್ಕೆ ಬಂದಿರಬೇಕು.

ಬೆಳೆಗಾರರು ಇದಕ್ಕೆ ಒಂದು ಚೆಂದದ ಪರೀಕ್ಷೆ ಮಾಡುತ್ತಾರೆ. ಹಣ್ಣನ್ನು ಅಡ್ಡಲಾಗಿ ಕೊಯ್ದು ಅಯೋಡಿನ್ ದ್ರಾವಣಕ್ಕೆ ತಾಗಿಸುವುದು. ಪಿಷ್ಟ ಇರುವ ಜಾಗ ನೀಲಿಗಪ್ಪಾಗುತ್ತದೆ. ಶಾಲೆಯಲ್ಲಿ ಆಲೂಗಡ್ಡೆಯ ಮೇಲೆ ನಾವೆಲ್ಲ ಮಾಡಿದ ಪ್ರಯೋಗವೇ ಇದು. ಹಣ್ಣಾಗುತ್ತಾ ಪಿಷ್ಟ ಸಕ್ಕರೆಯಾಗುವುದರಿಂದ ಕಪ್ಪು ಭಾಗ ಕಡಿಮೆಯಾಗುತ್ತಾ ಹೋಗುತ್ತದೆ.

ಕೀಳುವಾಗ ಹಣ್ಣನ್ನು ಅಂಗೈಯಲ್ಲಿ ಹಿಡಿದು ಮೇಲಕ್ಕೆತ್ತಿ ಸ್ವಲ್ಪ ತಿರುಗಿಸಿ. ಬಲಿತಿದ್ದರೆ ತೊಟ್ಟಿನ ಸಮೇತ ಕೈಗೆ ಬರುತ್ತದೆ. ಮಾವಿನಕಾಯಿಯಂತೆ ಜಗ್ಗಿದರೆ ಹಣ್ಣು ಕಚ್ಚಿಕೊಂಡಿರುವ ಮೋಟು ರೆಂಬೆಯೇ ಮುರಿಯುತ್ತದೆ. ಮುಂದಿನ ವರ್ಷದ ಮೊಗ್ಗು ಇರುವುದು ಅದರಲ್ಲೇ.

ಮೇಲಿನ ಬಿಳಿ ಪುಡಿ, ಚಾಕುವಿನಲ್ಲಿ ಕೆರೆದ ಮೇಣ

ಸೇಬನ್ನು ಚಾಕುವಿನಿಂದ ಕೆರೆದು 'ಪ್ಲಾಸ್ಟಿಕ್ ನೋಡಿ' ಎಂದು ತೋರಿಸುವ ವಿಡಿಯೊ ನಿಮಗೂ ಬಂದಿರಬಹುದು. ಅದು ಪ್ಲಾಸ್ಟಿಕ್ ಅಲ್ಲ. ಸೇಬಿಗೆ ತನ್ನದೇ ಆದ ಮೇಣದ ಪದರ ಇರುತ್ತದೆ, ಒಳಗಿನ ನೀರು ಆರಿಹೋಗದಂತೆ ಅದು ಕಾಯುತ್ತದೆ. ಮರದ ಮೇಲಿರುವ ಸೇಬಿನಲ್ಲಿ ಇದೇ ಮೇಣ ಮಸುಕಾದ ಬಿಳಿ ಪುಡಿಯಂತೆ ಕಾಣುತ್ತದೆ, ಬಟ್ಟೆಯಲ್ಲಿ ಉಜ್ಜಿದರೆ ಹೊಳೆಯುತ್ತದೆ. ದ್ರಾಕ್ಷಿ, ನೇರಳೆ ಹಣ್ಣಿನ ಮೇಲೂ ಇದೆ. ನಮ್ಮ ಬೂದುಗುಂಬಳಕ್ಕೆ ಆ ಹೆಸರು ಬಂದಿರುವುದೇ ಇಂಥ ಬೂದಿಯಿಂದ. ಅದನ್ನು ಯಾರೂ ವಿಷ ಅನ್ನುವುದಿಲ್ಲ!

ಅಂಗಡಿಗೆ ಹೋಗುವ ಸೇಬನ್ನು ತೊಳೆಯುವಾಗ ಈ ಸಹಜ ಮೇಣ ಒಂದಷ್ಟು ಹೋಗುವುದರಿಂದ ಅದರ ಬದಲು ತೆಳುವಾಗಿ ಬೇರೆ ಮೇಣ ಹಚ್ಚುತ್ತಾರೆ ಎಂಬುದು ನಿಜ. ಸಾಮಾನ್ಯವಾಗಿ ಅದು ಅರಗು ಅಥವಾ ಒಂದು ಜಾತಿಯ ತಾಳೆ ಎಲೆಯಿಂದ ತೆಗೆಯುವ ಕಾರ್ನೂಬಾ ಮೇಣ. ಭಾರತದಲ್ಲಿ ಎಫ್‌ಎಸ್‌ಎಸ್‌ಎಐ ಕೂಡ ಜೇನುಮೇಣ, ಕಾರ್ನೂಬಾ, ಅರಗಿಗೆ ಅನುಮತಿ ಕೊಟ್ಟಿದೆ.

ಕೆಲವು ತೋಟಗಳಲ್ಲಿ ಹಣ್ಣಿನ ಮೇಲೆ ಸುಣ್ಣ ಎರಚಿದ ಹಾಗೆ ದಪ್ಪ ಬಿಳುಪು ಕಾಣುವುದುಂಟು. ಬಿಸಿಲಿಗೆ ಸಿಪ್ಪೆ ಸುಡದಿರಲಿ ಎಂದು ಸಿಂಪಡಿಸುವ ಬಿಳಿ ಜೇಡಿಮಣ್ಣು ಅದಾಗಿರಬಹುದು. ತೊಳೆದರೆ ಹೋಗುತ್ತದೆ.

ಆದರೆ 'ತೋಟದಲ್ಲೇ ಕಿತ್ತದ್ದು, ಆದ್ದರಿಂದ ಔಷಧಿ ಹೊಡೆದಿಲ್ಲ' ಎನ್ನುವುದೂ ಅಷ್ಟೇ ತಪ್ಪು. ಪೂರ್ವದ ರಾಜ್ಯಗಳಲ್ಲಿ ಮಳೆ, ತೇವ ಹೆಚ್ಚು. ಶಿಲೀಂಧ್ರ ರೋಗ ಮತ್ತು ಹುಳುಗಳಿಗೆ ಹೆಚ್ಚಿನ ತೋಟಗಳಲ್ಲಿ ಔಷಧಿ ಹೊಡೆಯುತ್ತಾರೆ. ಕೊಯ್ಲಿಗೆ ಇಷ್ಟು ದಿನ ಮೊದಲು ನಿಲ್ಲಿಸಬೇಕು ಎಂಬ ನಿಯಮವಿದೆ. ಮರದ ಕೆಳಗೇ ನಿಂತು ಕಚ್ಚುವ ಆಸೆ ಸಹಜ, ಬಾಟಲಿ ನೀರಿನಲ್ಲಿ ಉಜ್ಜಿ ತೊಳೆದು ಕಚ್ಚಿ. ಮನೆಗೆ ತಂದ ಮೇಲೆ ಇನ್ನೂ ಚೆನ್ನಾಗಿ ತೊಳೆಯಬೇಕೆಂದರೆ ಅಡುಗೆ ಸೋಡಾ ಸಾಕು. ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ವಿಜ್ಞಾನಿಗಳು 2017ರಲ್ಲಿ ಗಾಲಾ ಸೇಬಿನ ಮೇಲೆ ಎರಡು ಔಷಧಿಗಳನ್ನು ಹಾಕಿ ಪರೀಕ್ಷಿಸಿದರು. ಶೇ. 1ರ ಸೋಡಾ ನೀರಿನಲ್ಲಿ, ಅಂದರೆ ಒಂದು ಲೀಟರಿಗೆ 10 ಗ್ರಾಂ, 12ರಿಂದ 15 ನಿಮಿಷ ಇಟ್ಟಾಗ ಮೇಲ್ಮೈಯಲ್ಲಿದ್ದದ್ದು ಹೋಯಿತು. ಸಿಪ್ಪೆಯೊಳಗೆ ಇಳಿದದ್ದು ಹೋಗಲಿಲ್ಲ.

ಒಂದು ವರ್ಷ ಹಳೆಯ ಸೇಬು, ಬೀಜದ ಸಯನೈಡ್

ಇವೆರಡೂ ಅರ್ಧ ಸತ್ಯದ ಗುಂಪಿಗೆ ಸೇರಿದವು. ಸೇಬು ವರ್ಷಕ್ಕೊಮ್ಮೆ ಕೊಯ್ಲಿಗೆ ಬರುತ್ತದೆ, ಅಂಗಡಿಯಲ್ಲಿ ವರ್ಷವಿಡೀ ಸಿಗುತ್ತದೆ. ಹಾಗಾದರೆ ಜೂನ್‌ನಲ್ಲಿ ಸಿಗುವ ಅಮೆರಿಕದ ಸೇಬು ಹಿಂದಿನ ಶರತ್ಕಾಲದ್ದೇ ಇರಬೇಕಲ್ಲ? ಹೌದು. ಶೂನ್ಯ ಡಿಗ್ರಿಯ ಆಸುಪಾಸಿನ ಕೋಣೆಯಲ್ಲಿ, ಗಾಳಿಯ ಆಮ್ಲಜನಕವನ್ನು ಶೇ. 21ರಿಂದ ಶೇ. 1–3ಕ್ಕೆ ಇಳಿಸಿ ಇಡುತ್ತಾರೆ. ಹಣ್ಣಿನ ಉಸಿರಾಟ ನಿಧಾನವಾಗುತ್ತದೆ, ಹಣ್ಣಾಗಿಸುವ ಎಥಿಲೀನ್ ಅನಿಲ ಕಡಿಮೆ ಹುಟ್ಟುತ್ತದೆ. ಹಿಮಾಚಲ, ಕಾಶ್ಮೀರಗಳಲ್ಲೂ ಇಂಥ ಉಗ್ರಾಣಗಳಿವೆ. ರುಚಿ, ವಿಟಮಿನ್ ಸ್ವಲ್ಪ ಇಳಿಯಬಹುದು, ವಿಷವಾಗುವುದಿಲ್ಲ.

ಬೀಜದಲ್ಲಿ ಅಮಿಗ್ಡಲಿನ್ ಎಂಬ ವಸ್ತು ಇದೆ. ಬೀಜ ಜಗಿದು ಪುಡಿಯಾದರೆ ಅದರಿಂದ ಸಯನೈಡ್ ಹೊರಬರುತ್ತದೆ. ಇದು ನಿಜ. ಆದರೆ ಮಗು ಒಂದೆರಡು ಬೀಜ ನುಂಗಿದರೆ ಗಾಬರಿ ಬೇಡ, ಇಡೀ ಬೀಜ ಹಾಗೇ ಹೊರಗೆ ಹೋಗುತ್ತದೆ. ಅಪಾಯ ಆಗಬೇಕಾದರೆ ಬಹಳಷ್ಟು ಸೇಬುಗಳ ಬೀಜ ಕೂಡಿಸಿ ಜಗಿಯಬೇಕು. ಆದರೂ ತೋಟದಿಂದ ತಂದ ಹತ್ತು ಕಿಲೋ ಸೇಬನ್ನು ಬೀಜದ ಸಮೇತ ಮಿಕ್ಸಿಗೆ ಹಾಕಿ ಜ್ಯೂಸ್ ಮಾಡಬೇಡಿ.

ಫಾರ್ವರ್ಡ್‌ನಲ್ಲಿ ಬಾರದ ಅಪಾಯ: ಸೈಡರ್

ಮೊದಲು ಹೆಸರಿನ ಗೊಂದಲ. ಬ್ರಿಟನ್ನಿನಲ್ಲಿ ಸೈಡರ್ ಅಂದರೆ ಮದ್ಯ. ಅಮೆರಿಕದಲ್ಲಿ ಹಾಗಲ್ಲ, ಸೇಬನ್ನು ಅರೆದು ಹಿಂಡಿದ, ಸೋಸದ, ಕಂದು ಬಣ್ಣದ ರಸಕ್ಕೆ ಸೈಡರ್ ಎನ್ನುತ್ತಾರೆ. ಮದ್ಯವಾದರೆ ಅಲ್ಲಿ 'ಹಾರ್ಡ್ ಸೈಡರ್'. ಅಜ್ಜಿಗೆ ಧೈರ್ಯವಾಗಿ ಕೊಡಬಹುದು ಅಂತಾಯಿತಲ್ಲ? ಅಲ್ಲೇ ಇನ್ನೊಂದು ಪ್ರಶ್ನೆ ಕೇಳಬೇಕು: ಇದನ್ನು ಪಾಶ್ಚರೀಕರಿಸಿದ್ದೀರಾ?

1996ರ ಅಕ್ಟೋಬರ್‌ನಲ್ಲಿ ಅಮೆರಿಕದ ಪಶ್ಚಿಮ ರಾಜ್ಯಗಳು ಮತ್ತು ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ 60ಕ್ಕೂ ಹೆಚ್ಚು ಜನ ಕಾಯಿಲೆ ಬಿದ್ದರು. ಕಾರಣ, ಕ್ಯಾಲಿಫೋರ್ನಿಯಾದ ಒಂದು ಕಂಪನಿಯ ಪಾಶ್ಚರೀಕರಿಸದ ಸೇಬಿನ ರಸ. ಅದರಲ್ಲಿ ಇ. ಕೋಲಿ ಓ157 ಎಂಬ ಬ್ಯಾಕ್ಟೀರಿಯಾ ಇತ್ತು. ಒಂದು ಪುಟ್ಟ ಮಗು ಸತ್ತುಹೋಯಿತು.

ಈ ಬ್ಯಾಕ್ಟೀರಿಯಾ ಇರುವುದು ದನ, ಕುರಿ, ಮೇಕೆ, ಜಿಂಕೆಗಳ ಕರುಳಿನಲ್ಲಿ. ಅವಕ್ಕೆ ಏನೂ ಆಗುವುದಿಲ್ಲ. ಸಗಣಿ ಅಥವಾ ಹಿಕ್ಕೆಯ ಮೂಲಕ ನೆಲಕ್ಕೆ ಬರುತ್ತದೆ, ನೆಲಕ್ಕೆ ಬಿದ್ದ ಸೇಬಿಗೆ ಅಂಟುತ್ತದೆ. ಅಂಥ ಒಂದು ಹಣ್ಣು ಗಾಣಕ್ಕೆ ಹೋದರೆ ಇಡೀ ಪೀಪಾಯಿ ರಸಕ್ಕೆ ಸೇರುತ್ತದೆ. ಸೇಬಿನ ರಸ ಹುಳಿ, ಫ್ರಿಜ್‌ನಲ್ಲಿ ಬೇರೆ ಇರುತ್ತದೆ, ಬ್ಯಾಕ್ಟೀರಿಯಾ ಬದುಕುವುದಿಲ್ಲ ಎಂದು ಮೊದಲು ಅನೇಕರು ನಂಬಿದ್ದರು. ಓ157 ಹುಳಿಯನ್ನು ತಡೆದುಕೊಳ್ಳುತ್ತದೆ, ತಣ್ಣಗಿನ ಸೈಡರ್‌ನಲ್ಲಿ ವಾರಗಟ್ಟಲೆ ಬದುಕಿರುತ್ತದೆ. ಕಾಯಿಲೆ ಬರಿಸಲು ಬಹಳ ಕಡಿಮೆ ಸಂಖ್ಯೆ ಸಾಕು. ನೆಲದ ಮೇಲಿನ ಹಣ್ಣು ಆಯಬೇಡಿ ಎಂದು ತೋಟದವರು ಹೇಳುವುದು ಜಿಪುಣತನದಿಂದಲ್ಲ. ಕೊಳೆತ ಹಣ್ಣಿನ ಬೂಷ್ಟಿನಲ್ಲಿ ಪ್ಯಾಟುಲಿನ್ ಎಂಬ ಇನ್ನೊಂದು ವಿಷವೂ ಇರಬಹುದು, ಅದು ಕುದಿಸಿದರೂ ಪೂರ್ತಿ ಹೋಗದು.

ಆ ಘಟನೆಯ ನಂತರ ಅಮೆರಿಕದ ಎಫ್‌ಡಿಎ 1998ರಲ್ಲಿ ಪಾಶ್ಚರೀಕರಿಸದ ರಸದ ಬಾಟಲಿಗಳ ಮೇಲೆ ಎಚ್ಚರಿಕೆಯ ಲೇಬಲ್ ಕಡ್ಡಾಯ ಮಾಡಿತು. 2001ರಲ್ಲಿ ಬ್ಯಾಕ್ಟೀರಿಯಾವನ್ನು ಒಂದು ಲಕ್ಷದಲ್ಲಿ ಒಂದಕ್ಕೆ ಇಳಿಸುವಂಥ ಸಂಸ್ಕರಣೆ ಆಗಲೇಬೇಕು ಎಂಬ ನಿಯಮ ತಂದಿತು. ಆದರೆ ತಾವೇ ಹಿಂಡಿ ನೇರ ಗ್ರಾಹಕರಿಗೆ ಮಾರುವವರಿಗೆ ಆ ನಿಯಮದಿಂದ ವಿನಾಯಿತಿ ಇದೆ (ಕೆಲವು ರಾಜ್ಯಗಳ ಕಾನೂನು ಇನ್ನೂ ಬಿಗಿ). ಲೋಟದಲ್ಲಿ ಕೊಡುವ ರಸಕ್ಕಂತೂ ಲೇಬಲ್ ಕೂಡ ಬೇಕಿಲ್ಲ. ಸೇಬಿನ ತೋಟದ ಅಂಗಡಿಯಲ್ಲಿ ನಿಮ್ಮ ಕೈಗೆ ಬರುವುದು ಅದೇ ಲೋಟ! ಆದ್ದರಿಂದ ಕೇಳಿ. ಬಾಟಲಿಯಾದರೆ 'ಪಾಶ್ಚರೈಸ್ಡ್' ಅಥವಾ 'ಯುವಿ ಟ್ರೀಟೆಡ್' ಎಂದು ಇದೆಯೇ ನೋಡಿ. ಇಲ್ಲದಿದ್ದರೆ ಮನೆಗೆ ತಂದು ಒಂದು ಕುದಿ ಬರಿಸಿ, ಚಕ್ಕೆ ಲವಂಗ ಹಾಕಿದರೆ ಬಿಸಿ ಸೈಡರ್‌ನ ರುಚಿಯೇ ಬೇರೆ.

ಹೆಚ್ಚಿನ ಆರೋಗ್ಯವಂತ ದೊಡ್ಡವರು ಈ ಕಾಯಿಲೆಯಿಂದ ವಾರದಲ್ಲಿ ಚೇತರಿಸಿಕೊಳ್ಳುತ್ತಾರೆ. ತೊಂದರೆ ಇರುವುದು ಐದು ವರ್ಷದೊಳಗಿನ ಮಕ್ಕಳಿಗೆ ಮತ್ತು ವಯಸ್ಸಾದವರಿಗೆ. ಫೋಟೊದಲ್ಲಿ ಲೋಟ ಹಿಡಿದು ನಿಂತಿರುವವರು ಬಹುಪಾಲು ಅವರೇ. ಓ157 ಸೋಂಕು ಪತ್ತೆಯಾದವರಲ್ಲಿ ಶೇ. 5ರಿಂದ 10 ಮಂದಿಗೆ ಎಚ್‌ಯುಎಸ್ ಎಂಬ ಸ್ಥಿತಿ ಬಂದು ಮೂತ್ರಪಿಂಡ ಕೆಲಸ ನಿಲ್ಲಿಸಬಹುದು.

ಇಲ್ಲಿ ನಮ್ಮವರಿಗೆಂದೇ ಒಂದು ಮಾತು. ಅಮೆರಿಕದಲ್ಲಿ ಡಾಕ್ಟರ ಫೀಸಿಗೆ ಹೆದರಿ ಊರಿಂದ ಮಾತ್ರೆಗಳ ಡಬ್ಬಿಯನ್ನೇ ಒಯ್ಯುವುದು ನಮ್ಮ ಹಿರಿಯರ ಪದ್ಧತಿ. ತೋಟಕ್ಕೆ ಹೋಗಿ ಬಂದ ಮೂರು ನಾಲ್ಕು ದಿನಕ್ಕೆ ವಿಪರೀತ ಹೊಟ್ಟೆನೋವು, ರಕ್ತ ಬೆರೆತ ಭೇದಿ ಕಂಡರೆ ಆ ಡಬ್ಬಿ ತೆರೆಯಬೇಡಿ. ಭೇದಿ ನಿಲ್ಲಿಸುವ ಮಾತ್ರೆ, ಆಂಟಿಬಯೋಟಿಕ್ ಎರಡೂ ಈ ಸೋಂಕಿನಲ್ಲಿ ಎಚ್‌ಯುಎಸ್ ಅಪಾಯವನ್ನು ಹೆಚ್ಚಿಸಬಹುದು. ಓಆರ್‌ಎಸ್ ಕುಡಿಸುತ್ತಾ ಆಸ್ಪತ್ರೆಗೆ ಹೋಗಿ, ಸೈಡರ್ ಕುಡಿದದ್ದನ್ನು, ಮೇಕೆ ಮುಟ್ಟಿದ್ದನ್ನು ಹೇಳಿ.

ಹೌದು, ಮೇಕೆಯೂ ಸೇರಿತು. ಮಕ್ಕಳು ಪ್ರಾಣಿಗಳನ್ನು ಮುಟ್ಟಿ ಅದೇ ಕೈಯಲ್ಲಿ ಡೋನಟ್ ತಿಂದರೆ ದಾರಿ ಒಂದೇ. ಕೊಳೆ ಅಂಟಿದ ಕೈಗೆ ಸ್ಯಾನಿಟೈಸರ್ ಸಾಲದು, ಸೋಪು ನೀರೇ ಬೇಕು.

ಆ ಕುಂಬಳಕಾಯಿಯಲ್ಲಿ ಹುಳಿ ಮಾಡಬಹುದೇ?

ಮಾಡಬಹುದು, ಆದರೆ ರುಚಿ ಬರುವುದಿಲ್ಲ. ಹ್ಯಾಲೋವೀನ್ ಹಬ್ಬಕ್ಕೆ ಮುಖ ಕೊರೆಯುವ ದೊಡ್ಡ ಕುಂಬಳಕಾಯಿಗಳನ್ನು ಬೆಳೆಸುವುದು ಆಕಾರಕ್ಕೆ, ಬಣ್ಣಕ್ಕೆ. ತಿರುಳು ತೆಳು, ನಾರು, ನೀರು. ಅದರ ಜಾತಿಯೂ ನಮ್ಮ ಸಿಹಿಗುಂಬಳದ (ಕೆಲವು ಕಡೆ ಚೀನಿಕಾಯಿ) ಜಾತಿಗಿಂತ ಬೇರೆ. ನಮ್ಮದಕ್ಕೆ ಹತ್ತಿರದ ನೆಂಟ ಬೇಕೆಂದರೆ ಅದೇ ತೋಟದಲ್ಲಿ ಸಿಗುವ ಬಟರ್‌ನಟ್ ಸ್ಕ್ವಾಶ್ ಕೊಳ್ಳಿ, ಹುಳಿಗೂ ಪಲ್ಯಕ್ಕೂ ಚೆನ್ನಾಗಿರುತ್ತದೆ. ತಮಾಷೆಯೆಂದರೆ ಅಮೆರಿಕನ್ನರು ಪೈ ಮಾಡಲು ಕೊಳ್ಳುವ ಡಬ್ಬಿಯ ಕುಂಬಳ ಕೂಡ ಬಹುತೇಕ ಇಲಿನಾಯ್ ರಾಜ್ಯದಲ್ಲಿ ಬೆಳೆಯುವ, ನಮ್ಮ ಸಿಹಿಗುಂಬಳದ ಜಾತಿಯದೇ.

ಅಲಂಕಾರಕ್ಕೆಂದು ಮಾರುವ ಪುಟ್ಟ, ಗಂಟುಗಂಟಿನ ಬಣ್ಣದ ಕಾಯಿಗಳನ್ನು ಮಾತ್ರ ಅಡುಗೆಮನೆಗೆ ತರಬೇಡಿ. ಅವುಗಳಲ್ಲಿ ಕುಕುರ್ಬಿಟಾಸಿನ್ ಎಂಬ ಕಹಿ ವಿಷ ಇರಬಹುದು, ಬೇಯಿಸಿದರೂ ಹೋಗುವುದಿಲ್ಲ. ನಮ್ಮಲ್ಲಿ ಕಹಿ ಸೋರೆಕಾಯಿ ರಸ ಕುಡಿದು ಸಾವುಗಳಾದದ್ದು ಇದರಿಂದಲೇ. ಕಹಿಯಾಗಿದ್ದರೆ ಕುಡಿಯಲೇಬೇಡಿ ಎಂದು ಐಸಿಎಂಆರ್ ತಜ್ಞರ ಸಮಿತಿಯೂ ಹೇಳಿದೆ. ಯಾವ ಕುಂಬಳವೇ ಆಗಲಿ, ಹೆಚ್ಚಿದ ಮೇಲೆ ಒಂದು ಚೂರು ನಾಲಿಗೆಗೆ ತಾಗಿಸಿ ನೋಡಿ. ಕಹಿಯಿದ್ದರೆ ಉಗುಳಿ, ಇಡೀ ಕಾಯಿ ಎಸೆಯಿರಿ. ಬೆಲ್ಲ ಹಾಕಿ ಸರಿಮಾಡಲು ಹೋಗಬೇಡಿ.

ಹುಲ್ಲಿನಲ್ಲಿ ಉಣುಗು

ಮಲೆನಾಡಿನವರಿಗೆ ಇದನ್ನು ವಿವರಿಸಬೇಕಿಲ್ಲ. 1957ರಲ್ಲಿ ಶಿವಮೊಗ್ಗದ ಕ್ಯಾಸನೂರಿನ ಕಾಡಿನಲ್ಲಿ ಗುರುತಿಸಿದ ಮಂಗನ ಕಾಯಿಲೆ ಹರಡುವುದು ಉಣುಗಿನಿಂದ. ಅಮೆರಿಕದ ಈಶಾನ್ಯ ರಾಜ್ಯಗಳಲ್ಲಿ ಬೇರೆ ಜಾತಿಯ ಉಣುಗು ಲೈಮ್ ಎಂಬ ಬೇರೆಯೇ ಕಾಯಿಲೆ ಹರಡುತ್ತದೆ, ಇದು ಬ್ಯಾಕ್ಟೀರಿಯಾದ್ದು. ಚಳಿ ಬಂದರೆ ಹುಳ ಇರುವುದಿಲ್ಲ ಎಂದುಕೊಳ್ಳುವ ಹಾಗಿಲ್ಲ, ಅಕ್ಟೋಬರ್‌ನಲ್ಲಿ ಎಳ್ಳಿನಷ್ಟು ಗಾತ್ರದ ಬೆಳೆದ ಉಣುಗುಗಳು ಚುರುಕಾಗಿರುತ್ತವೆ. ತೋಟದ ಅಂಚಿನ ಎತ್ತರದ ಹುಲ್ಲಿಗೆ ಹೋಗದಿರಿ. ಮನೆಗೆ ಬಂದು ಸ್ನಾನ ಮಾಡುವಾಗ ಮಕ್ಕಳ ಕಿವಿಯ ಹಿಂದೆ, ಕಂಕುಳು, ಮಂಡಿಯ ಹಿಂದೆ ನೋಡಿ.

ಕಚ್ಚಿಕೊಂಡಿದ್ದರೆ ಸೀಮೆಎಣ್ಣೆ, ಸುಣ್ಣ, ಬೆಂಕಿಕಡ್ಡಿ ಬೇಡ. ಮೊನಚು ಚಿಮುಟದಿಂದ ಚರ್ಮಕ್ಕೆ ತಾಗಿದ ಹಾಗೆ ಹಿಡಿದು ನೇರ ಮೇಲಕ್ಕೆ ಎಳೆಯಿರಿ. ಲೈಮ್ ಅಂಟಲು ಸಾಮಾನ್ಯವಾಗಿ 24 ಗಂಟೆಗಿಂತ ಹೆಚ್ಚು ಕಚ್ಚಿಕೊಂಡಿರಬೇಕು, ಆದ್ದರಿಂದ ಅಂದೇ ತೆಗೆದರೆ ಅಪಾಯ ತೀರಾ ಕಡಿಮೆ. 3ರಿಂದ 30 ದಿನದೊಳಗೆ ಆ ಜಾಗದಲ್ಲಿ ಹರಡುತ್ತಾ ಹೋಗುವ ಕೆಂಪು ವೃತ್ತ ಅಥವಾ ಜ್ವರ ಬಂದರೆ ಡಾಕ್ಟರಿಗೆ ತೋರಿಸಿ. ಅಷ್ಟರಲ್ಲಿ ಅಜ್ಜ ಅಜ್ಜಿ ಊರಿಗೆ ಮರಳಿದ್ದರೆ, ಇಲ್ಲಿನ ಡಾಕ್ಟರಿಗೆ ಯಾವ ತಿಂಗಳು ಯಾವ ರಾಜ್ಯದ ತೋಟಕ್ಕೆ ಹೋಗಿದ್ದೆವು ಎಂದು ತಪ್ಪದೇ ಹೇಳಬೇಕು, ಇಲ್ಲದಿದ್ದರೆ ಲೈಮ್ ಎಂಬ ಹೆಸರು ಅವರಿಗೆ ಹೊಳೆಯುವುದು ಕಷ್ಟ.