ಸ್ವಾಪ್: ಕಂಪ್ಯೂಟರಿನ ಅಟ್ಟ

ಕಂಪ್ಯೂಟರಿನಲ್ಲಿ ಏಕಕಾಲಕ್ಕೆ ತೆರೆದಿರುವ ತಂತ್ರಾಂಶಗಳೆಲ್ಲ ರ್ಯಾಮ್ ಎಂಬ ಮುಖ್ಯ ಸ್ಮೃತಿಯಲ್ಲಿ ಜಾಗ ಕೇಳುತ್ತವೆ. ಆ ಜಾಗವನ್ನು ಹಂಚುವ, ಸಾಲದಾದಾಗ ಯಾವುದರ ಸರಕನ್ನು ಎತ್ತಿ ಬೇರೆಡೆ ಇಡಬೇಕೆಂದು ತೀರ್ಮಾನಿಸುವ ಹೊಣೆ ಆಪರೇಟಿಂಗ್ ಸಿಸ್ಟಂನ ತಿರುಳಾದ ಕರ್ನಲ್‌ನದು. ಹಾಗೆ ಎತ್ತಿಡಲು ಡಿಸ್ಕಿನಲ್ಲಿ ಮೀಸಲಿಟ್ಟ ಜಾಗವೇ ಸ್ವಾಪ್. ರ್ಯಾಮ್ ಕಡಿಮೆ ಇದ್ದವರಿಗೆ ಮಾತ್ರ ಇದು ಬೇಕೆಂದು ಬಗೆಯುವುದು ರೂಢಿ. ಆ ತಿಳಿವಳಿಕೆ ಅರ್ಧ ಮಾತ್ರ ಸರಿ.

ಪ್ರತಿಯೊಂದು ತಂತ್ರಾಂಶಕ್ಕೂ ಇಡೀ ಸ್ಮೃತಿ ತನ್ನೊಬ್ಬನದೇ ಎಂಬ ಭಾವನೆ ಮೂಡುವಂತೆ ಕರ್ನಲ್ ಏರ್ಪಾಟು ಮಾಡಿರುತ್ತದೆ. ಇದಕ್ಕೆ ವರ್ಚುವಲ್ ಮೆಮೊರಿ ಎಂದು ಹೆಸರು. ಸ್ಮೃತಿಯನ್ನು ಸಾಮಾನ್ಯವಾಗಿ 4,096 ಬೈಟ್‌ಗಳ ‘ಪುಟ’ಗಳಾಗಿ ವಿಂಗಡಿಸಿ, ಯಾವ ಪುಟ ರ್ಯಾಮಿನಲ್ಲಿ ಎಲ್ಲಿದೆ, ಯಾವುದು ಡಿಸ್ಕಿನಲ್ಲಿದೆ ಎಂಬ ಲೆಕ್ಕವನ್ನು ಅದು ಕೋಷ್ಟಕವೊಂದರಲ್ಲಿ ಇಡುತ್ತದೆ. ಈ ವಿಚಾರ ಹೊಸದಲ್ಲ. 1962ರಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದಲ್ಲಿ ಟಾಮ್ ಕಿಲ್ಬರ್ನ್ ಅವರ ತಂಡ ಸಿದ್ಧಗೊಳಿಸಿದ ಅಟ್ಲಾಸ್ ಕಂಪ್ಯೂಟರಿನಲ್ಲಿ ಮುಖ್ಯ ಸ್ಮೃತಿ 16,384 ಪದಗಳಷ್ಟೇ ಇದ್ದು, ಸುತ್ತುವ ಕಾಂತೀಯ ಡ್ರಮ್‌ಗಳಲ್ಲಿ ಅದರ ಆರು ಪಟ್ಟು ಜಾಗವಿತ್ತು. ಎರಡೂ ಒಂದೇ ಸ್ಮೃತಿಯೆಂಬಂತೆ ತೋರುವ ಹಾಗೆ 512 ಪದಗಳ ಪುಟಗಳನ್ನು ಯಂತ್ರವೇ ಅತ್ತಿಂದಿತ್ತ ಸಾಗಿಸುತ್ತಿತ್ತು.

ಮನೆಯಲ್ಲಿ ವರ್ಷಕ್ಕೊಮ್ಮೆ ಬೇಕಾಗುವ ದೊಡ್ಡ ಕೊಳದಪ್ಪಲೆಯನ್ನು ಅಟ್ಟಕ್ಕೇರಿಸಿ, ನಿತ್ಯದ ಪಾತ್ರೆಗಳನ್ನು ಕೈಗೆಟುಕುವಲ್ಲಿ ಇಡುವಂತೆ, ಬಹಳ ಹೊತ್ತಿನಿಂದ ಯಾರೂ ಮುಟ್ಟದ ಪುಟಗಳನ್ನು ಕರ್ನಲ್ ಹುಡುಕಿ ತೆರವು ಮಾಡುತ್ತದೆ. ಆದರೆ ಪುಟಗಳಲ್ಲಿ ಎರಡು ಬಗೆಯುಂಟು. ತಂತ್ರಾಂಶದ ಆದೇಶಗಳಂತೆ ಡಿಸ್ಕಿನ ಕಡತದಿಂದ ಓದಿದ ಪುಟವನ್ನು ನಿಶ್ಚಿಂತೆಯಿಂದ ಕೈಬಿಡಬಹುದು, ಏಕೆಂದರೆ ಮೂಲಪ್ರತಿ ಅಲ್ಲೇ ಇದೆ. ಬರೆಯುತ್ತಿರುವ, ಇನ್ನೂ ಉಳಿಸದ ಪತ್ರದ ಪುಟಕ್ಕೆ ಬೇರೆಲ್ಲೂ ಪ್ರತಿಯಿಲ್ಲ. ಅದನ್ನು ಕಳುಹಿಸಲು ಇರುವ ತಾಣ ಸ್ವಾಪ್ ಒಂದೇ. ಸ್ವಾಪ್ ಇಲ್ಲದಿದ್ದರೆ ಇಂಥ ಪುಟಗಳು ಗಂಟೆಗಟ್ಟಲೆ ಬಳಕೆಯಾಗದಿದ್ದರೂ ರ್ಯಾಮಿನಲ್ಲೇ ಕುಳಿತಿರುತ್ತವೆ, ಜಾಗದ ಒತ್ತಡ ಬಂದಾಗ ಕ್ಷಣಕ್ಷಣವೂ ಬೇಕಾಗುವ ಮೊದಲ ಬಗೆಯ ಪುಟಗಳೇ ಹೊರಬೀಳುತ್ತವೆ. ಸ್ವಾಪನ್ನು ತೆಗೆದುಹಾಕಿದರೆ ಯಂತ್ರ ಚುರುಕಾಗುತ್ತದೆಂಬ ಸಲಹೆ ಈ ಕಾರಣದಿಂದಲೇ ಹಲವೊಮ್ಮೆ ತಪ್ಪುದಾರಿ ಹಿಡಿಸುತ್ತದೆ.

ಅಟ್ಟದಿಂದ ಇಳಿಸುವ ಶ್ರಮವೂ ಸಣ್ಣದಲ್ಲ. ರ್ಯಾಮಿನಿಂದ ಮಾಹಿತಿ ಪಡೆಯಲು ಸುಮಾರು 100 ನ್ಯಾನೊಸೆಕೆಂಡು ಬೇಕು. ಅದನ್ನು ಒಂದು ಸೆಕೆಂಡೆಂದು ಹಿಗ್ಗಿಸಿ ನೋಡಿದರೆ, ಸಾಧಾರಣ ಎಸ್‌ಎಸ್‌ಡಿಗೆ ಕಾಲು ಗಂಟೆಯ ಮೇಲೂ, ಸುತ್ತುವ ಹಾರ್ಡ್ ಡಿಸ್ಕಿಗೆ ಒಂದು ದಿನಕ್ಕೂ ಹೆಚ್ಚು ಹೊತ್ತು ಹಿಡಿಯುತ್ತದೆ. ನಿಜಕ್ಕೂ ಬೇಕಾದ ಪುಟಗಳು ರ್ಯಾಮಿನಲ್ಲಿ ಹಿಡಿಸದಿದ್ದರೆ, ಒಂದನ್ನು ಇಳಿಸಲು ಮತ್ತೊಂದನ್ನು ಏರಿಸುವ ಕೆಲಸದಲ್ಲೇ ಯಂತ್ರದ ಕಾಲವೆಲ್ಲ ಕಳೆದು, ಮೌಸ್ ಕೂಡ ಮಿಸುಕದಂತಾಗುತ್ತದೆ. ಥ್ರಾಶಿಂಗ್ ಎನ್ನುವ ಈ ಅವಸ್ಥೆಯ ಕಾರಣಗಳನ್ನು ಪೀಟರ್ ಡೆನ್ನಿಂಗ್ 1968ರಲ್ಲೇ ವಿವರಿಸಿದ್ದರು. ರ್ಯಾಮ್, ಸ್ವಾಪ್ ಎರಡೂ ಮುಗಿದರೆ ಲಿನಕ್ಸ್ ಕರ್ನಲ್ ಹೆಚ್ಚು ಸ್ಮೃತಿ ನುಂಗಿದ ಕೆಲಸವೊಂದನ್ನು ಆರಿಸಿ ಬಲವಂತವಾಗಿ ನಿಲ್ಲಿಸುತ್ತದೆ.

ಲಿನಕ್ಸ್‌ನಲ್ಲಿ ‘ಸ್ವಾಪಿನೆಸ್’ ಎಂಬ ಅಂಕಿ ಸಾಮಾನ್ಯವಾಗಿ 60 ಇರುತ್ತದೆ. ಅದು ರ್ಯಾಮ್ ಎಷ್ಟು ತುಂಬಿದಾಗ ಸ್ವಾಪ್ ಆರಂಭವಾಗಬೇಕೆಂಬ ಮಿತಿಯಲ್ಲ. ಮೇಲೆ ಹೇಳಿದ ಎರಡು ಬಗೆಯ ಪುಟಗಳಲ್ಲಿ ಯಾವುದರತ್ತ ಕರ್ನಲ್ ಹೆಚ್ಚು ವಾಲಬೇಕೆಂದು ಹೇಳುವ ತೂಕ. ಅನೇಕ ಆಂಡ್ರಾಯ್ಡ್ ಫೋನುಗಳಲ್ಲಂತೂ ಅಟ್ಟ ಡಿಸ್ಕಿನಲ್ಲಿಲ್ಲ: ಮುಟ್ಟದ ಪುಟಗಳನ್ನು ಜೀರ್ಯಾಮ್ ಎಂಬ ವ್ಯವಸ್ಥೆ ಒತ್ತಿ ಕುಗ್ಗಿಸಿ ರ್ಯಾಮಿನಲ್ಲೇ ಇಡುತ್ತದೆ.

ಆದ್ದರಿಂದ, ಸ್ವಾಪಿನಲ್ಲಿ ಒಂದು ಜಿಬಿ ತುಂಬಿ ಕದಲದೆ ನಿಂತಿದ್ದರೆ ಗಾಬರಿ ಬೇಕಿಲ್ಲ. ಲಿನಕ್ಸ್ ಬಳಸುವವರು ‘ವಿಎಂಸ್ಟ್ಯಾಟ್’ ಆದೇಶ ಕೊಟ್ಟು, ಒಳಬರುವ ಹೊರಹೋಗುವ ಪುಟಗಳನ್ನು ತೋರಿಸುವ ‘ಎಸ್‌ಐ’, ‘ಎಸ್‌ಒ’ ಅಂಕಣಗಳನ್ನು ಕೆಲವು ನಿಮಿಷ ಗಮನಿಸಲಿ. ಅಲ್ಲಿ ದೊಡ್ಡ ಅಂಕಿಗಳು ಎಡೆಬಿಡದೆ ಬರುತ್ತಿದ್ದರೆ ಮಾತ್ರ ರ್ಯಾಮ್ ಹೆಚ್ಚಿಸುವುದು ಅಥವಾ ತೆರೆದ ತಂತ್ರಾಂಶಗಳನ್ನು ಕಡಿಮೆ ಮಾಡುವುದು ಅಗತ್ಯ.