ರಕ್ತ ಕಾಣದ ಪೆಟ್ಟು

ಹೊಸದುರ್ಗ ತಾಲ್ಲೂಕಿನ ಮತ್ತೋಡಿನಲ್ಲಾಗಲಿ ಶ್ರೀರಾಂಪುರದಲ್ಲಾಗಲಿ ಹೋಬಳಿ ಮಟ್ಟದ ಕ್ರೀಡಾಕೂಟ ನಡೆದಾಗ, ಮಂಡಿ ತರಚಿಕೊಂಡ ಹುಡುಗನ ಉಪಚಾರಕ್ಕೆ ಹತ್ತು ಮಂದಿ ಧಾವಿಸುವುದುಂಟು. ಆದರೆ ಕಬಡ್ಡಿಯ ಅಂಕಣದಲ್ಲಿ ಎದುರಾಳಿಯ ಮೊಣಕಾಲಿಗೆ ತಲೆ ತಾಗಿ ಕ್ಷಣಕಾಲ ದಿಙ್ಮೂಢನಾಗಿ ನಿಂತವನನ್ನು, ರಕ್ತ ಕಾಣದೆಂಬ ಒಂದೇ ಕಾರಣದಿಂದ, ಮುಖಕ್ಕೆ ನೀರು ಚಿಮುಕಿಸಿ, ಬೆನ್ನು ತಟ್ಟಿ, ಮರಳಿ ಆಟಕ್ಕೆ ಕಳುಹಿಸಿಬಿಡುತ್ತೇವೆ. ವೈದ್ಯರು ಕನ್ಕಷನ್ ಎನ್ನುವ ಆಘಾತ ಅಡಗಿರುವುದು ಇಲ್ಲಿಯೇ.

ತಲೆಗೋ ಮುಖಕ್ಕೋ ಮೈಗೋ ಬಿದ್ದ ಪೆಟ್ಟಿನ ರಭಸ ಮಿದುಳನ್ನು ಕಪಾಲದೊಳಗೆ ಅಲುಗಿಸಿದಾಗ ನರಕೋಶಗಳ ವ್ಯಾಪಾರ ಕೆಲಕಾಲ ಅಸ್ತವ್ಯಸ್ತವಾಗುತ್ತದೆ. ಇದು ರಚನೆಗಿಂತ ಹೆಚ್ಚಾಗಿ ಕಾರ್ಯಕ್ಕೆ ಒದಗಿದ ಭಂಗವಾದುದರಿಂದ, ಸಿ.ಟಿ. ಸ್ಕ್ಯಾನಿನಲ್ಲಿ ಸಾಮಾನ್ಯವಾಗಿ ಏನೂ ಕಾಣದು. ಬಹುಪಾಲು ಮಂದಿಗೆ ಪ್ರಜ್ಞೆಯೂ ತಪ್ಪುವುದಿಲ್ಲ. ತಲೆನೋವು, ಓಕರಿಕೆ, ತಲೆಸುತ್ತು, ಮಂಕು, ಬೆಳಕು ಸದ್ದುಗಳ ಅಸಹನೆ, ಕೇಳಿದ್ದನ್ನೇ ಮತ್ತೆ ಕೇಳುವ ಮರವೆ: ಇವೇ ಅದರ ಲಕ್ಷಣಗಳು; ಇವುಗಳಲ್ಲಿ ಕೆಲವು ಮನೆ ಸೇರಿದ ಮೇಲೆ, ಮರುದಿನ, ತಲೆದೋರುವುದೂ ಉಂಟು.

ಪೆಟ್ಟು ತಿಂದವನನ್ನೇ 'ಆಡುತ್ತೀಯೇನೋ?' ಎಂದು ಕೇಳುವುದು ವ್ಯರ್ಥ. ನಿರ್ಣಯಿಸಬೇಕಾದ ಮಿದುಳೇ ಆಗ ಆಹತವಾಗಿರುತ್ತದೆ. 2020ರ ಡಿಸೆಂಬರಿನಲ್ಲಿ ಕ್ಯಾನ್‌ಬೆರಾದ ಕ್ರಿಕೆಟ್ ಪಂದ್ಯದಲ್ಲಿ, ಭಾರತದ ಇನ್ನಿಂಗ್ಸಿನ ಕೊನೆಯ ಓವರಿನಲ್ಲಿ, ರವೀಂದ್ರ ಜಡೇಜರ ಹೆಲ್ಮೆಟ್ಟಿಗೆ ಚೆಂಡು ಬಡಿದರೂ ಅವರು ಬ್ಯಾಟಿಂಗ್ ಮುಂದುವರಿಸಿದರು; ಆಮೇಲೆ ಪರೀಕ್ಷಿಸಿದ ವೈದ್ಯರು ಅವರನ್ನು ಹೊರಗುಳಿಸಲಾಗಿ, ತಲೆಗೆ ಪೆಟ್ಟು ತಿಂದವರ ಬದಲಿಗೆ ಬೇರೊಬ್ಬರನ್ನು ಆಡಿಸಬಹುದೆಂದು 2019ರಲ್ಲಿ ಜಾರಿಗೆ ಬಂದಿದ್ದ ನಿಯಮದಂತೆ ಅವರ ಸ್ಥಾನದಲ್ಲಿ ಯುಜ್ವೇಂದ್ರ ಚಾಹಲ್ ಆಡಿದರು. ಹೋಬಳಿಯ ಮೈದಾನದಲ್ಲಿ ಅಂತಹ ವೈದ್ಯರು ದುರ್ಲಭ. ಅಲ್ಲಿ ಆ ಹೊಣೆ ಪಿ.ಟಿ. ಮೇಷ್ಟ್ರದೇ. 2022ರ ಜುಲೈನಲ್ಲಿ ಬೆಂಗಳೂರಿನ ಕಿಕ್‌ಬಾಕ್ಸಿಂಗ್ ಸ್ಪರ್ಧೆಯಲ್ಲಿ ಪೆಟ್ಟು ತಿಂದು ಕುಸಿದ ಮೈಸೂರಿನ ತರುಣ ಅಸುನೀಗಿದ ಸಂಗತಿ, ತಲೆಯ ಪೆಟ್ಟು ಎಲ್ಲಿಯವರೆಗೆ ಹೋಗಬಲ್ಲದೆಂಬುದಕ್ಕೆ ನಮ್ಮ ನಾಡಿನ ನಿದರ್ಶನವಾಗಿದೆ.

ಸಂಶಯ ಬಂದೊಡನೆ ಆಟ ನಿಲ್ಲಿಸತಕ್ಕದ್ದು. ಅಂದು ಮತ್ತೆ ಇಳಿಸಕೂಡದು, ಒಂಟಿಯಾಗಿ ಬಿಡಲೂ ಕೂಡದು. ಮೇಲಿಂದ ಮೇಲೆ ವಾಂತಿ, ಸೆಳವು, ಹೆಚ್ಚುತ್ತಲೇ ಇರುವ ತಲೆನೋವು, ಕೈಕಾಲುಗಳ ಬಲಹೀನತೆ, ಎಚ್ಚರಿಸಲಾಗದ ನಿದ್ದೆ ಕಂಡರೆ 108ಕ್ಕೆ ಕರೆಮಾಡಬೇಕು. ಕುತ್ತಿಗೆ ನೋಯುತ್ತಿದ್ದರೆ ಅಲುಗಿಸದೆ ಕಾಯಬೇಕು.

ಮೊದಲ ಒಂದೆರಡು ದಿನ ಮೊಬೈಲನ್ನು ದೂರವಿಟ್ಟು ವಿಶ್ರಮಿಸಿ, ಹಗುರವಾಗಿ ನಡೆದಾಡಿ, ಆಮೇಲೆ ಪಾಠಕ್ಕೆ, ಓಟಕ್ಕೆ, ಮೈ ತಾಗದ ಅಭ್ಯಾಸಕ್ಕೆ, ಮೆಟ್ಟಿಲಿಗೊಂದು ದಿನವಾದರೂ ಕಳೆದು ಏರುತ್ತ, ವೈದ್ಯರ ಒಪ್ಪಿಗೆಯ ನಂತರವೇ ಪಂದ್ಯಕ್ಕೆ ಮರಳುವುದು ಕ್ರಮ. ಮಕ್ಕಳಿಗೆ ಇದಕ್ಕೆ ತಿಂಗಳೊಂದು ಹಿಡಿಯಬಹುದು. ವಾಸಿಯಾಗುವ ಮುನ್ನ ಬಿದ್ದ ಎರಡನೆಯ ಪೆಟ್ಟು, ಅಪರೂಪಕ್ಕಾದರೂ, ಮಿದುಳನ್ನು ಊದಿಸಿ ಪ್ರಾಣವನ್ನೇ ತೆಗೆದೀತು.

ಕಬಡ್ಡಿಯಲ್ಲಿ ಏಳು ಮಂದಿ ಆಡುವಾಗ ಐವರು ಹೊರಗೆ ಕಾದಿರುತ್ತಾರೆ. ಅವರಲ್ಲೊಬ್ಬನನ್ನು ಇಳಿಸುವುದರಿಂದ ಪಂದ್ಯ ಕೆಡುವುದಿಲ್ಲ. ಇಳಿಸುವ ಧೈರ್ಯ ಮೇಷ್ಟ್ರಿಗೂ, ಅದಕ್ಕೆ ತಕರಾರೆತ್ತದ ವಿವೇಕ ಊರಿನವರಿಗೂ ಇರಬೇಕು, ಅಷ್ಟೆ.