ಹಳೆಯ ಐ7, ಹೊಸ ಐ3: ಲ್ಯಾಪ್‌ಟಾಪ್ ಪ್ರೊಸೆಸರ್‌ಗಳ ಹೋಲಿಕೆಯನ್ನು ಗಣಿತ ತರಗತಿಗೆ ತರುವ ಬಗೆ

ಬೋಧನಾಭ್ಯಾಸದಲ್ಲಿ ಒಂಬತ್ತನೇ ತರಗತಿಗೆ ಅನುಪಾತದ ಪುನರಾವರ್ತನೆ ಪಾಠ ಮಾಡಲು ನಾನು ಆರಿಸಿಕೊಂಡ ಉದಾಹರಣೆ ಲ್ಯಾಪ್‌ಟಾಪ್ ಪ್ರೊಸೆಸರ್. ಅನೇಕ ಮನೆಗಳಲ್ಲಿ ಮಕ್ಕಳ ಓದಿಗೆಂದು ಬಳಸಿದ ಲ್ಯಾಪ್‌ಟಾಪ್ ಕೊಳ್ಳುತ್ತಾರೆ. ಆಗ ನೋಡುವುದು ಎರಡೇ ಅಂಶ: ಮೇಲೆ ಅಂಟಿಸಿರುವ ಐ3, ಐ5, ಐ7 ಎಂಬ ಚೀಟಿ ಮತ್ತು ಗಿಗಾಹರ್ಟ್ಸ್ ಅಂಕಿ. ದೊಡ್ಡ ಅಂಕಿ ಇದ್ದರೆ ಹೆಚ್ಚು ವೇಗ ಎಂಬುದು ಮಕ್ಕಳ ಪೂರ್ವಜ್ಞಾನ. ಹಿರಿಯರಲ್ಲೂ ಬಹುಮಂದಿಯ ನಂಬಿಕೆ ಅದೇ. ಬೇರೆ ಬೇರೆ ತಲೆಮಾರಿನ ಪ್ರೊಸೆಸರ್‌ಗಳನ್ನು ಹೋಲಿಸುವಾಗ ಈ ಎರಡೂ ಅಂಕಿಗಳು ದಾರಿ ತಪ್ಪಿಸುತ್ತವೆ. ಸರಿಯಾದ ಅಳತೆ ಒಂದೇ: ನಮ್ಮ ಕೆಲಸ ಮುಗಿಯಲು ಹಿಡಿಯುವ ಸಮಯ. ಇದನ್ನು ಎಂಟನೇ ತರಗತಿಯ ಅನುಪಾತದ ಗಣಿತದಿಂದಲೇ ವಿವರಿಸಬಹುದು ಎಂಬುದನ್ನು ಇಲ್ಲಿ ತೋರಿಸಿದ್ದೇನೆ.

ಗಿಗಾಹರ್ಟ್ಸ್ ಅಂಕಿ ಯಾಕೆ ಸಾಲದು?

ಪ್ರೊಸೆಸರ್ ಒಳಗಿನ ಗಡಿಯಾರ ಸೆಕೆಂಡಿಗೆ ಎಷ್ಟು ಬಾರಿ ಮಿಡಿಯುತ್ತದೆ ಎಂಬುದನ್ನು ಗಿಗಾಹರ್ಟ್ಸ್ ಹೇಳುತ್ತದೆ. 3 ಗಿಗಾಹರ್ಟ್ಸ್ ಎಂದರೆ ಸೆಕೆಂಡಿಗೆ 300 ಕೋಟಿ ಮಿಡಿತ. ಆದರೆ ಒಂದು ಮಿಡಿತಕ್ಕೆ ಎಷ್ಟು ಆದೇಶಗಳು ಪೂರೈಸುತ್ತವೆ ಎಂಬುದು ಈ ಅಂಕಿಯಲ್ಲಿ ಇಲ್ಲ. ನಡಿಗೆಯ ಹೋಲಿಕೆ ಕೊಟ್ಟರೆ ಮಕ್ಕಳಿಗೆ ಬೇಗ ತಿಳಿಯುತ್ತದೆ. ನಿಮಿಷಕ್ಕೆ ಎಷ್ಟು ಹೆಜ್ಜೆ ಎಂದು ಎಣಿಸಿದರೆ ಸಾಲದು, ಒಂದು ಹೆಜ್ಜೆಯ ಉದ್ದವೂ ಗೊತ್ತಿರಬೇಕು.

ಕಪ್ಪುಹಲಗೆಯ ಮೇಲೆ ನಾನು ಬಿಡಿಸಿದ ಲೆಕ್ಕ ಹೀಗಿತ್ತು. ಒಂದು ಕೆಲಸಕ್ಕೆ 1200 ಕೋಟಿ ಆದೇಶಗಳು ಬೇಕು ಎಂದಿಟ್ಟುಕೊಳ್ಳೋಣ. 'ಅ' ಪ್ರೊಸೆಸರ್ 3 ಗಿಗಾಹರ್ಟ್ಸ್, ಮಿಡಿತಕ್ಕೆ 2 ಆದೇಶ. ಸೆಕೆಂಡಿಗೆ 600 ಕೋಟಿ ಆದೇಶವಾಯಿತು, ಕೆಲಸಕ್ಕೆ 2 ಸೆಕೆಂಡು. 'ಆ' ಪ್ರೊಸೆಸರ್ 2.5 ಗಿಗಾಹರ್ಟ್ಸ್, ಮಿಡಿತಕ್ಕೆ 3 ಆದೇಶ. ಸೆಕೆಂಡಿಗೆ 750 ಕೋಟಿ, ಕೆಲಸಕ್ಕೆ 1.6 ಸೆಕೆಂಡು. ಗಡಿಯಾರ ನಿಧಾನ, ಕೆಲಸ ಬೇಗ.

ಇದು ಕಾಲ್ಪನಿಕ ಲೆಕ್ಕವಾದರೂ ಇತಿಹಾಸದಲ್ಲಿ ಹೀಗೇ ನಡೆದಿದೆ. 2004ರಲ್ಲಿ ಇಂಟೆಲ್‌ನ ಡೆಸ್ಕ್‌ಟಾಪ್ ಪ್ರೊಸೆಸರ್ ಪೆಂಟಿಯಂ 4, 3.8 ಗಿಗಾಹರ್ಟ್ಸ್ ಮುಟ್ಟಿತ್ತು. ಅದಕ್ಕೂ ಮೊದಲು, 2003ರಲ್ಲಿ, ಅದೇ ಕಂಪನಿ ಲ್ಯಾಪ್‌ಟಾಪ್‌ಗಳಿಗಾಗಿ ತಂದ ಪೆಂಟಿಯಂ ಎಂ ಆರಂಭದಲ್ಲಿ 1.6 ಗಿಗಾಹರ್ಟ್ಸ್ ದಾಟಿರಲಿಲ್ಲ. ಆದರೆ ಒಂದೊಂದು ಮಿಡಿತದಲ್ಲೂ ಅದು ಪೆಂಟಿಯಂ 4ಕ್ಕಿಂತ ಹೆಚ್ಚು ಕೆಲಸ ಮಾಡುತ್ತಿತ್ತು, ವಿದ್ಯುತ್ತನ್ನೂ ಕಡಿಮೆ ಬಳಸುತ್ತಿತ್ತು. 2004ರಿಂದ ಇಂಟೆಲ್ ಗಿಗಾಹರ್ಟ್ಸ್‌ಗೆ ಬದಲಾಗಿ ಮಾದರಿ ಸಂಖ್ಯೆಗಳನ್ನು ಮುಂದೆ ಮಾಡತೊಡಗಿತು.

ಮೊದಲ ಜೋಡಿ: ಕೋರ್ ಸಂಖ್ಯೆ ಬದಲಾದಾಗ

ವಿಜ್ಞಾನದಲ್ಲಿ ಒಂದು ಚರಾಂಶವನ್ನು ಮಾತ್ರ ಬದಲಿಸಿ ಉಳಿದವನ್ನು ಸ್ಥಿರವಾಗಿಡು ಎಂದು ಕಲಿಸುತ್ತೇವೆ. ಅದಕ್ಕೆ ತಕ್ಕ ಜೋಡಿ ಇದು. 2016ರ ಕೋರ್ ಐ7-7500ಯು ಏಳನೇ ತಲೆಮಾರಿನದು: 2 ಕೋರ್, ಮೂಲ ವೇಗ 2.7, ಗರಿಷ್ಠ 3.5 ಗಿಗಾಹರ್ಟ್ಸ್. 2017ರ ಕೋರ್ ಐ5-8250ಯು ಎಂಟನೇ ತಲೆಮಾರಿನದು: 4 ಕೋರ್, ಮೂಲ ವೇಗ 1.6, ಗರಿಷ್ಠ 3.4 ಗಿಗಾಹರ್ಟ್ಸ್. ಎರಡರ ವಿದ್ಯುತ್ ಮಿತಿಯೂ 15 ವ್ಯಾಟ್. ಕೋರ್‌ನ ಒಳವಿನ್ಯಾಸವೂ ಹೆಚ್ಚುಕಡಿಮೆ ಒಂದೇ.

ಚೀಟಿ ನೋಡಿದರೆ ಐ7 ಮುಂದೆ. ಮೂಲ ವೇಗ ನೋಡಿದರೂ ಐ7 ಮುಂದೆ. ಆದರೆ ಒಂದೇ ಕೋರ್ ಬಳಸುವ ಕೆಲಸದಲ್ಲಿ ಎರಡೂ ಗರಿಷ್ಠ ವೇಗಕ್ಕೆ ಏರುವುದರಿಂದ ಬಹುತೇಕ ಸಮ. ಹಂಚಿಕೊಂಡು ಮಾಡಬಹುದಾದ ಕೆಲಸದಲ್ಲಿ ನಾಲ್ಕು ಕೋರ್‌ಗಳ ಐ5 ಸ್ಪಷ್ಟವಾಗಿ ಮುಂದೆ. 1.6 ಎಂಬ ಸಣ್ಣ ಅಂಕಿ ದೌರ್ಬಲ್ಯದ ಗುರುತಲ್ಲ. ಎಲ್ಲ ಕೋರ್‌ಗಳೂ ಒಟ್ಟಿಗೆ ದುಡಿಯುವಾಗ 15 ವ್ಯಾಟ್ ಒಳಗೇ ನಿಭಾಯಿಸಬಲ್ಲ ವೇಗ ಅದು.

ಹಾಗಾದರೆ ಕೋರ್ ಎರಡು ಪಟ್ಟಾದರೆ ಸಮಯ ಅರ್ಧವಾಗುತ್ತದೆಯೆ? ವಿಲೋಮ ಅನುಪಾತ ಕಲಿತ ಮಕ್ಕಳು ಹೌದು ಎನ್ನುತ್ತಾರೆ. ಬಿಸಿಯೂಟದ ಅಡುಗೆಮನೆಯನ್ನೇ ನೆನಪಿಸಿ. ತರಕಾರಿ ಹೆಚ್ಚುವುದಕ್ಕೆ ಇಬ್ಬರಿಗೆ 20 ನಿಮಿಷ, ಸಾಂಬಾರು ಕುದಿಯಲು 30 ನಿಮಿಷ, ಒಟ್ಟು 50. ನಾಲ್ವರು ಸೇರಿದರೆ ಹೆಚ್ಚುವ ಕೆಲಸ 10 ನಿಮಿಷಕ್ಕೆ ಇಳಿಯುತ್ತದೆ. ಕುದಿಯುವ ಸಮಯ ಇಳಿಯುವುದಿಲ್ಲ. ಒಟ್ಟು 40 ನಿಮಿಷ, 25 ಅಲ್ಲ. ಹಂಚಲಾಗದ ಭಾಗವೇ ಮಿತಿ ಹಾಕುತ್ತದೆ ಎಂಬ ಈ ವಾದವನ್ನು 1967ರಲ್ಲಿ ಜೀನ್ ಆಮ್ಡಾಲ್ ಮಂಡಿಸಿದರು, ಅದಕ್ಕೆ ಆಮ್ಡಾಲ್ ನಿಯಮ ಎಂದೇ ಹೆಸರು. ಜೊತೆಗೆ 15 ವ್ಯಾಟ್ ಮಿತಿಯಲ್ಲಿ ನಾಲ್ಕೂ ಕೋರ್‌ಗಳು ಬಹುಹೊತ್ತು ಗರಿಷ್ಠ ವೇಗದಲ್ಲಿ ಓಡಲಾರವು.

ಎರಡನೇ ಜೋಡಿ: ಒಳವಿನ್ಯಾಸ ಬದಲಾದಾಗ

ಈಗ ಅದೇ ಐ7-7500ಯು ಪಕ್ಕದಲ್ಲಿ 2020ರ ಕೋರ್ ಐ3-1115ಜಿ4 ಇಡೋಣ. ಇದು ಹನ್ನೊಂದನೇ ತಲೆಮಾರು. ಎರಡರಲ್ಲೂ 2 ಕೋರ್, 4 ಥ್ರೆಡ್. ಗರಿಷ್ಠ ವೇಗ 3.5 ಮತ್ತು 4.1 ಗಿಗಾಹರ್ಟ್ಸ್. ಗಡಿಯಾರದ ಅನುಪಾತ 4.1 ÷ 3.5, ಅಂದರೆ ಸುಮಾರು 1.17. ಈ ನಡುವೆ ಕೋರ್‌ನ ಒಳವಿನ್ಯಾಸವೂ ಬದಲಾಗಿದೆ. ಹತ್ತನೇ ತಲೆಮಾರಿನಲ್ಲಿ ಬಂದ ಸನ್ನಿ ಕೋವ್ ವಿನ್ಯಾಸ, ಹಿಂದಿನ ಸ್ಕೈಲೇಕ್‌ಗಿಂತ ಮಿಡಿತಕ್ಕೆ ಸರಾಸರಿ ಶೇ. 18ರಷ್ಟು ಹೆಚ್ಚು ಕೆಲಸ ಮಾಡುತ್ತದೆ ಎಂದು ಇಂಟೆಲ್ ಪ್ರಕಟಿಸಿತ್ತು. ಏಳನೇ ತಲೆಮಾರಿನ ಕೋರ್ ಸ್ಕೈಲೇಕ್ ಬಗೆಯದು, ಹನ್ನೊಂದನೆಯದು ಸನ್ನಿ ಕೋವ್‌ನ ಮುಂದಿನ ರೂಪ. ಆದ್ದರಿಂದ ಒಂದು ಕೋರ್‌ನ ಕೆಲಸಕ್ಕೆ ಅಂದಾಜು 1.17 × 1.18, ಅಂದರೆ ಸುಮಾರು 1.38. ಹೊಸ ಐ3, ಹಳೆಯ ಐ7ನ್ನು ಹಿಂದೆ ಹಾಕುತ್ತದೆ.

ಇಲ್ಲಿ ಮಕ್ಕಳ ಮನಸ್ಸಿನಲ್ಲಿ ನಿಲ್ಲಬೇಕಾದ ಮಾತು: ಐ3, ಐ5, ಐ7 ಎಂಬುವು ಒಂದೇ ತಲೆಮಾರಿನೊಳಗಿನ ಶ್ರೇಣಿಗಳು. ಹತ್ತನೇ ತರಗತಿಯ ಕೊನೆಯ ಬೆಂಚಿನವನನ್ನೂ ಐದನೇ ತರಗತಿಯ ಮೊದಲ ರ‍್ಯಾಂಕಿನವಳನ್ನೂ ರ‍್ಯಾಂಕ್ ನೋಡಿ ಹೋಲಿಸಲಾಗದು. ತಲೆಮಾರು ತಿಳಿಯಲು ಗೆರೆಯ ನಂತರದ ಅಂಕಿಗಳನ್ನು ಓದಬೇಕು: 7500ರಲ್ಲಿ 7, 8250ರಲ್ಲಿ 8, 1115ರಲ್ಲಿ 11.

ಹನ್ನೆರಡನೇ ತಲೆಮಾರಿನಿಂದ ಕೋರ್ ಎಣಿಕೆಯಲ್ಲೂ ಎಚ್ಚರ ಬೇಕು. 2022ರ ಕೋರ್ ಐ5-1235ಯು ಹತ್ತು ಕೋರ್‌ಗಳದ್ದು ನಿಜ. ಅದರಲ್ಲಿ 2 ಮಾತ್ರ ಹೆಚ್ಚು ವೇಗದವು, 8 ಕಡಿಮೆ ವಿದ್ಯುತ್ತಿನಲ್ಲಿ ಕೆಲಸ ಮಾಡುವಂಥವು. ಬೇರೆ ಬೇರೆ ಬಗೆಯವನ್ನು ಕೂಡಿಸಿ ಬಂದ ಮೊತ್ತ ನೇರ ಹೋಲಿಕೆಗೆ ಬಾರದು.

ಸರಾಸರಿಯ ಬಲೆ

ಒಂದಕ್ಕಿಂತ ಹೆಚ್ಚು ಪರೀಕ್ಷೆ ಮಾಡಿದಾಗ ಸರಾಸರಿ ತೆಗೆಯುವುದು ಸಹಜ. ಮೊದಲ ಕೆಲಸದಲ್ಲಿ 'ಅ', 'ಆ'ಗಿಂತ 2 ಪಟ್ಟು ವೇಗ, ಎರಡನೆಯದರಲ್ಲಿ 0.5 ಪಟ್ಟು ಎಂದುಕೊಳ್ಳಿ. ಅಂಕಗಣಿತ ಸರಾಸರಿ 1.25. 'ಅ' ಶೇ. 25ರಷ್ಟು ಮುಂದೆ! ಈಗ 'ಆ' ಕಡೆಯಿಂದ ಲೆಕ್ಕ ಹಾಕಿ: 0.5 ಮತ್ತು 2, ಸರಾಸರಿ ಮತ್ತೆ 1.25. ಇಬ್ಬರೂ ಪರಸ್ಪರ ಶೇ. 25 ಮುಂದೆ ಇರಲು ಸಾಧ್ಯವೇ ಇಲ್ಲ. ಗುಣೋತ್ತರ ಸರಾಸರಿ ತೆಗೆದರೆ √(2 × 0.5) = 1, ಸಮ. ವೇಗದ ಅನುಪಾತಗಳನ್ನು ಒಟ್ಟುಗೂಡಿಸಲು ಸ್ಪೆಕ್ ಸಂಸ್ಥೆಯ ಪರೀಕ್ಷೆಗಳಲ್ಲಿ ಇದನ್ನೇ ಬಳಸುತ್ತಾರೆ.

ತರಗತಿಯ ಚಟುವಟಿಕೆ

ಶಾಲೆಯಲ್ಲಿರುವ ಯಾವುದೇ ಎರಡು ಲ್ಯಾಪ್‌ಟಾಪ್ ಸಾಕು. ಅವಿಭಾಜ್ಯ ಸಂಖ್ಯೆಗಳನ್ನು ಎಣಿಸುವ ಪುಟ್ಟ ಪೈಥಾನ್ ಪ್ರೋಗ್ರಾಂ ಒಂದನ್ನು ಎರಡರಲ್ಲೂ ಓಡಿಸಿ ಸಮಯ ಬರೆದುಕೊಳ್ಳಬೇಕು. ಎರಡಕ್ಕೂ ಚಾರ್ಜರ್ ಹಾಕಿರಬೇಕು, ಪೈಥಾನ್ ಆವೃತ್ತಿ ಒಂದೇ ಇರಬೇಕು, ಬೇರೆ ಪ್ರೋಗ್ರಾಂಗಳು ಮುಚ್ಚಿರಬೇಕು. ಮೂರು ಸಲ ಅಳೆದು ಮಧ್ಯಾಂಕ ತೆಗೆದುಕೊಳ್ಳಬೇಕು. ನಂತರ ಅದೇ ಪ್ರೋಗ್ರಾಂ ಅನ್ನು ಎರಡು, ನಾಲ್ಕು ಕಿಟಕಿಗಳಲ್ಲಿ ಒಟ್ಟಿಗೆ ಓಡಿಸಿದರೆ ಕೋರ್‌ಗಳ ಪ್ರಭಾವ ಕಾಣುತ್ತದೆ. ಹತ್ತು ನಿಮಿಷ ಸತತವಾಗಿ ಓಡಿಸಿ ಮತ್ತೆ ಅಳೆದರೆ, ಬಿಸಿಯಾದ ಪ್ರೊಸೆಸರ್ ತನ್ನ ವೇಗ ಇಳಿಸಿಕೊಳ್ಳುವುದೂ ಕಾಣಬಹುದು. ಲ್ಯಾಪ್‌ಟಾಪ್ ಆನ್ ಆಗುವ ಸಮಯವನ್ನು ಮಾತ್ರ ಪ್ರೊಸೆಸರ್‌ನ ಅಳತೆಯಾಗಿ ತೆಗೆದುಕೊಳ್ಳಬೇಡಿ. ಅಲ್ಲಿ ಹಾರ್ಡ್ ಡಿಸ್ಕ್ ಇದೆಯೋ ಎಸ್‌ಎಸ್‌ಡಿ ಇದೆಯೋ ಎಂಬುದೇ ಹೆಚ್ಚು ಪರಿಣಾಮ ಬೀರುತ್ತದೆ.

ಕೊಳ್ಳುವವರಿಗೆ, ಶಾಲೆಗಳಿಗೆ

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11ಕ್ಕೆ ಅಧಿಕೃತವಾಗಿ ಒಪ್ಪುವ ಇಂಟೆಲ್ ಪ್ರೊಸೆಸರ್‌ಗಳ ಪಟ್ಟಿ, ಕೆಲವೇ ಅಪವಾದ ಬಿಟ್ಟರೆ, ಎಂಟನೇ ತಲೆಮಾರಿನಿಂದ ಶುರು. ನಮ್ಮ ಮೊದಲ ಜೋಡಿಯಲ್ಲಿ ಐ7-7500ಯು ಆ ಗೆರೆಯ ಆಚೆ, ಐ5-8250ಯು ಈಚೆ. ಒಂದು ಕೋರ್‌ನ ವೇಗದಲ್ಲಿ ಎರಡೂ ಸಮ ಎಂದು ಲೆಕ್ಕ ತೋರಿಸಿದರೂ, ಕೊಳ್ಳುವವರಿಗೆ ಈ ವ್ಯತ್ಯಾಸ ದೊಡ್ಡದು. ಹಾಗೆಂದು ಶಾಲೆಯ ಹಳೆಯ ಲ್ಯಾಪ್‌ಟಾಪ್‌ಗಳನ್ನು ಮೂಲೆಗೆ ಹಾಕಬೇಕಿಲ್ಲ. ಎಸ್‌ಎಸ್‌ಡಿ ಹಾಕಿ ಲಿನಕ್ಸ್ ಅಳವಡಿಸಿದರೆ ಟೈಪಿಂಗ್, ಜಿಯೋಜೀಬ್ರಾ, ಪೈಥಾನ್ ಪಾಠಗಳಿಗೆ ಅವು ಇನ್ನೂ ಸಾಕು.

ಮೌಲ್ಯಮಾಪನಕ್ಕೆ ನಾನು ಕೊಟ್ಟ ಪ್ರಶ್ನೆ ಇದು: "ನಿಮ್ಮ ಅಕ್ಕ ಕಾಲೇಜಿಗೆ ಸೇರುತ್ತಿದ್ದಾಳೆ. ಒಂದೇ ಬೆಲೆಗೆ ಏಳನೇ ತಲೆಮಾರಿನ ಐ7, ಹನ್ನೊಂದನೇ ತಲೆಮಾರಿನ ಐ3 ಸಿಗುತ್ತಿವೆ. ಆಯ್ಕೆ ಮಾಡುವ ಮೊದಲು ಅಂಗಡಿಯವರಿಗೆ ಯಾವ ಮೂರು ಪ್ರಶ್ನೆ ಕೇಳುತ್ತೀರಿ? ಅಕ್ಕನಿಗೆ ಯಾವ ಒಂದು ಪ್ರಶ್ನೆ?" ಅಂಗಡಿಯವರಿಗೆ ಕೇಳಬೇಕಾದುದು ಪೂರ್ತಿ ಮಾದರಿ ಸಂಖ್ಯೆ, ಡಿಸ್ಕ್ ಯಾವುದು, ರ‍್ಯಾಮ್ ಎಷ್ಟು. ಅಕ್ಕನಿಗೆ ಕೇಳಬೇಕಾದುದು, ಇದರಲ್ಲಿ ನೀನು ಮಾಡುವ ಕೆಲಸ ಯಾವುದು ಎಂದು. ಈ ನಾಲ್ಕನೆಯ ಪ್ರಶ್ನೆಯನ್ನು ತಾವಾಗಿ ಬರೆದ ಮಕ್ಕಳಿಗೆ ಪಾಠದ ಉದ್ದೇಶ ತಲುಪಿದೆ ಎಂದು ತಿಳಿಯಬಹುದು.